ಭಗದ ಸಾರ್ಕೋಮ

ಭಗದ ಸಾರ್ಕೋಮ ಎಂಬುದು ಸ್ತ್ರೀಯರ ಹೊರ ಜನನಾಂಗದ (ಭಗದ) ಮೃದು ಅಂಗಾಂಶಗಳಲ್ಲಿ, ಅಂದರೆ ಸ್ನಾಯು, ಕೊಬ್ಬು, ನಾರು ಅಂಗಾಂಶ ಮುಂತಾದವುಗಳಲ್ಲಿ ಹುಟ್ಟುವ ಅತಿ ವಿರಳವಾದ ಕ್ಯಾನ್ಸರ್. ಭಗದ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಚರ್ಮದ ಮೇಲ್ಪದರದ ಕೋಶಗಳಿಂದ ಹುಟ್ಟುತ್ತವೆ. ಸಾರ್ಕೋಮಗಳ ಪಾಲು ಸುಮಾರು ಶೇ. 1ರಿಂದ 3 ಮಾತ್ರ. ಮಾಂಸ ಎಂಬ ಅರ್ಥದ ಗ್ರೀಕ್ ಪದದಿಂದ ಈ ಹೆಸರು ಬಂದಿದೆ.

ವಿಧಗಳು

ವಯಸ್ಕರಲ್ಲಿ ಹೆಚ್ಚಾಗಿ ಕಾಣುವುದು ನಯಸ್ನಾಯುವಿನಿಂದ ಹುಟ್ಟುವ ಲಿಯೋಮಯೋಸಾರ್ಕೋಮ. ಎಪಿಥೆಲಿಯಾಯ್ಡ್ ಸಾರ್ಕೋಮ, ಲೈಪೋಸಾರ್ಕೋಮ, ಡರ್ಮಟೋಫೈಬ್ರೋಸಾರ್ಕೋಮ ಇತರ ವಿಧಗಳು. ರ‍್ಯಾಬ್ಡೋಮಯೋಸಾರ್ಕೋಮ ಮುಖ್ಯವಾಗಿ ಮಕ್ಕಳಲ್ಲಿಯೂ ಹದಿಹರೆಯದವರಲ್ಲಿಯೂ ಕಂಡುಬರುತ್ತದೆ.

ಲಕ್ಷಣಗಳು ಮತ್ತು ರೋಗನಿರ್ಣಯ

ಆರಂಭದಲ್ಲಿ ಚರ್ಮದಡಿಯಲ್ಲಿ ಒಂದು ಗಂಟು ಕಾಣಿಸಿಕೊಳ್ಳುತ್ತದೆ. ಬಹಳ ಸಲ ಅದರಲ್ಲಿ ನೋವಿರುವುದಿಲ್ಲ. ಯೋನಿದ್ವಾರದ ಪಕ್ಕದಲ್ಲಿರುವ ಬಾರ್ಥೊಲಿನ್ ಗ್ರಂಥಿಯ ನೀರುಗುಳ್ಳೆಯೆಂದೋ ಕೊಬ್ಬಿನ ಗಡ್ಡೆಯೆಂದೋ ಅದನ್ನು ತಪ್ಪಾಗಿ ಭಾವಿಸುವುದುಂಟು. ಸಂಕೋಚದಿಂದ ಮನೆಯವರಿಗೂ ಹೇಳದೆ ತಿಂಗಳುಗಟ್ಟಲೆ ಮುಚ್ಚಿಡುವುದು ಇನ್ನೊಂದು ತೊಡಕು. ನಲವತ್ತು ದಾಟಿದವರಲ್ಲಿ ಈ ಜಾಗದಲ್ಲಿ ಹೊಸದಾಗಿ ಗಂಟು ಕಂಡರೆ, ಅಥವಾ ಯಾವ ವಯಸ್ಸಿನಲ್ಲಾದರೂ ಗಂಟು ಗಟ್ಟಿಯಾಗಿದ್ದು ಬೆಳೆಯುತ್ತಿದ್ದರೆ, ಅಂಗಾಂಶದ ತುಣುಕು ತೆಗೆದು ಪರೀಕ್ಷಿಸುವುದು (ಬಯಾಪ್ಸಿ) ಅಗತ್ಯ.

ಬಯಾಪ್ಸಿ ಮಾಡದೆಯೇ ಸಾಮಾನ್ಯ ಗಡ್ಡೆಯೆಂದು ಸುಲಿದು ತೆಗೆದುಹಾಕಿದರೆ ಸುತ್ತಲಿನ ಅಂಗಾಂಶದಲ್ಲಿ ಕ್ಯಾನ್ಸರ್ ಕೋಶಗಳು ಉಳಿದುಬಿಡಬಹುದು. ಆಗ ರೋಗ ಅದೇ ಜಾಗದಲ್ಲಿ ಮರುಕಳಿಸುವ ಸಂಭವ ಹೆಚ್ಚುತ್ತದೆ. ಎರಡನೆಯ ಶಸ್ತ್ರಚಿಕಿತ್ಸೆ ಮೊದಲಿನದಕ್ಕಿಂತ ದೊಡ್ಡದಾಗಬೇಕಾಗುತ್ತದೆ.

ನಯಸ್ನಾಯುವಿನ ಗಡ್ಡೆ ಕ್ಯಾನ್ಸರೋ ಅಲ್ಲವೋ ಎಂದು ತೀರ್ಮಾನಿಸಲು ರೋಗಶಾಸ್ತ್ರಜ್ಞರು ನಾಲ್ಕು ಅಂಶಗಳನ್ನು ನೋಡುವ ಪದ್ಧತಿಯಿದೆ: ಗಾತ್ರ 5 ಸೆಂ.ಮೀ. ಅಥವಾ ಹೆಚ್ಚು, ಅಂಚು ಸುತ್ತಲಿನ ಅಂಗಾಂಶಕ್ಕೆ ನುಗ್ಗಿರುವುದು, ಸೂಕ್ಷ್ಮದರ್ಶಕದ 10 ಕ್ಷೇತ್ರಗಳಲ್ಲಿ 5 ಅಥವಾ ಹೆಚ್ಚು ಕೋಶವಿಭಜನೆಗಳು, ಕೋಶಗಳ ರೂಪದಲ್ಲಿ ಗಣನೀಯ ವಿಕೃತಿ. ಮೂರು ಅಥವಾ ನಾಲ್ಕೂ ಇದ್ದರೆ ಸಾರ್ಕೋಮ ಎಂದು ಪರಿಗಣಿಸುತ್ತಾರೆ. ವಿಧವನ್ನು ಗುರುತಿಸಲು ಪ್ರತಿಕಾಯಗಳ ಬಣ್ಣದ ಪರೀಕ್ಷೆ ನೆರವಾಗುತ್ತದೆ. ಲಿಯೋಮಯೋಸಾರ್ಕೋಮದಲ್ಲಿ ಡೆಸ್ಮಿನ್ ಸಾಮಾನ್ಯವಾಗಿ ಕಂಡುಬಂದರೆ, ಎಪಿಥೆಲಿಯಾಯ್ಡ್ ಸಾರ್ಕೋಮದಲ್ಲಿ ಐಎನ್‌ಐ-1 ಎಂಬ ಪ್ರೋಟೀನು ಹೆಚ್ಚಾಗಿ ನಾಪತ್ತೆಯಾಗಿರುತ್ತದೆ. ಗಡ್ಡೆಯ ವ್ಯಾಪ್ತಿಯನ್ನು ಎಂಆರ್‌ಐ ತೋರಿಸುತ್ತದೆ. ಸಾರ್ಕೋಮ ರಕ್ತದ ಮೂಲಕ ಶ್ವಾಸಕೋಶಕ್ಕೆ ಹರಡುವುದರಿಂದ ಎದೆಯ ಸಿಟಿ ಸ್ಕ್ಯಾನ್ ಕೂಡ ಬೇಕು.

ಚಿಕಿತ್ಸೆ

ಸುತ್ತಲಿನ ಆರೋಗ್ಯವಂತ ಅಂಗಾಂಶದ ಅಂಚಿನೊಂದಿಗೆ ಗಡ್ಡೆಯನ್ನು ಪೂರ್ತಿಯಾಗಿ ತೆಗೆಯುವುದೇ ಮುಖ್ಯ ಚಿಕಿತ್ಸೆ. ಅಂಚಿನಲ್ಲಿ ರೋಗ ಉಳಿದಿದ್ದರೆ ಅಥವಾ ಗಡ್ಡೆ ಉಗ್ರ ಸ್ವರೂಪದ್ದಾಗಿದ್ದರೆ ವಿಕಿರಣ ಚಿಕಿತ್ಸೆಯನ್ನು ಪರಿಗಣಿಸಲಾಗುತ್ತದೆ. ಹರಡಿದ ರೋಗಕ್ಕೆ ಡಾಕ್ಸೋರುಬಿಸಿನ್‌ನಂತಹ ಔಷಧಗಳಿವೆ. ಮಕ್ಕಳ ರ‍್ಯಾಬ್ಡೋಮಯೋಸಾರ್ಕೋಮದ ದಾರಿಯೇ ಬೇರೆ: ಅಲ್ಲಿ ಕೀಮೋಥೆರಪಿಗೆ ಪ್ರಾಧಾನ್ಯ, ಅಂಗವನ್ನು ಉಳಿಸಿಕೊಳ್ಳುವ ಪ್ರಯತ್ನ.

ಕರ್ನಾಟಕದಲ್ಲಿ

ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ರಾಜ್ಯದ ಪ್ರಮುಖ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಅದರ ಪ್ರಾದೇಶಿಕ ಕೇಂದ್ರ ಕಲಬುರಗಿಯಲ್ಲಿದೆ. ಬೀದರ್ ಜಿಲ್ಲೆಯ ಹುಡಗಿ, ಹುಮನಾಬಾದ್, ಬಸವಕಲ್ಯಾಣದ ಕಡೆಯವರಿಗೆ ಬೆಂಗಳೂರಿಗಿಂತ ಕಲಬುರಗಿ ಮತ್ತು ಹೈದರಾಬಾದ್ ಬಹಳ ಹತ್ತಿರ. ಪಡಿತರ ಚೀಟಿಯ ಅರ್ಹತೆಗೆ ಅನುಗುಣವಾಗಿ, 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ನೆರವು ದೊರೆಯುತ್ತದೆ. ಇಷ್ಟು ವಿರಳವಾದ ರೋಗದಲ್ಲಿ ಎರಡನೆಯ ರೋಗಶಾಸ್ತ್ರಜ್ಞರ ಅಭಿಪ್ರಾಯ ಪಡೆಯುವುದು ರೂಢಿ. ಆದ್ದರಿಂದ ಮೊದಲ ಬಯಾಪ್ಸಿಯ ವರದಿಯ ಜೊತೆಗೆ ಗಾಜಿನ ಸ್ಲೈಡ್‌ಗಳನ್ನೂ ಮೇಣದ ಬ್ಲಾಕ್‌ಗಳನ್ನೂ ಪಡೆದು ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.