ಅಳಿಯನ ಕೈಗೆ ಬಂದ ಬಳೆ

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಹಳೆಯ ಮದುವೆ ಫೋಟೊಗಳಲ್ಲಿ ಮದುಮಗನ ಎಡಗೈ ನೋಡಬೇಕು. ವಾಚು ಕಾಣಲೆಂದೇ ಅಂಗಿಯ ತೋಳು ಸರಿಸಿ, ಕೈ ಮುಂದಿಟ್ಟು ಕೂತಿರುತ್ತಾನೆ. ಹೆಣ್ಣಿನ ಕಡೆಯವರು ಉಂಗುರದ ಜೊತೆ ವಾಚು ಕೊಟ್ಟರೆ ಅಳಿಯನ ಮರ್ಯಾದೆ ಉಳಿಯಿತು. ಆದರೆ ಗಂಡಸಿನ ಗತ್ತಿನ ಈ ಗುರುತು ಮೊದಲು ಹೆಂಗಸಿನ ಒಡವೆಯಾಗಿತ್ತು.

1810ರಲ್ಲಿ ನೆಪೋಲಿಯನ್ನನ ತಂಗಿ, ನೇಪಲ್ಸಿನ ರಾಣಿ ಕೆರೊಲಿನ್ ಮ್ಯುರಾ, ಕೈಗೆ ಕಟ್ಟುವ ಗಡಿಯಾರ ಬೇಕೆಂದು ಪ್ಯಾರಿಸಿನ ಗಡಿಯಾರಗಾರ ಬ್ರೆಗೆಗೆ ಹೇಳಿಕಳಿಸಿದಳು. 1812ರಲ್ಲಿ ಅದು ಸಿದ್ಧವಾಯಿತು. ಕೂದಲು, ಬಂಗಾರದ ಎಳೆ ಸೇರಿಸಿ ಹೆಣೆದ ಪಟ್ಟಿ ಅದಕ್ಕೆ! ಆ ವಾಚು ಇಂದು ಸಿಕ್ಕಿಲ್ಲ; ಬ್ರೆಗೆ ಅಂಗಡಿಯ ದಫ್ತರದಲ್ಲಿ ಅದರ ವಿವರವಷ್ಟೇ ಉಳಿದಿದೆ. ಮುಂದೆ ನೂರು ವರ್ಷ ಯುರೋಪಿನ ಗಂಡಸರು ಸರಪಳಿ ಹಾಕಿದ ಗಡಿಯಾರವನ್ನು ಜೇಬಿನಲ್ಲೇ ಇಟ್ಟುಕೊಂಡರು. ಕೈಗೆ ಕಟ್ಟಲು ನಾಚಿಕೆ.

ಆ ನಾಚಿಕೆ ಬಿಡಿಸಿದ್ದು ಯುದ್ಧ. 1914ರಿಂದ 1918ರ ಕಂದಕಗಳಲ್ಲಿ ತೋಪು ನಿಲ್ಲುವ ನಿಮಿಷಕ್ಕೇ ಕಾಲಾಳುಗಳು ಮೇಲೇಳಬೇಕಿತ್ತು. ಬಂದೂಕು ಹಿಡಿದವನು ಜೇಬಿಗೆ ಕೈ ಹಾಕುವುದೆಲ್ಲಿ ಬಂತು? ಸಣ್ಣ ಗಡಿಯಾರದ ಎರಡೂ ತುದಿಗೆ ತಂತಿಯ ಕೊಂಡಿ ಬೆಸೆದು, ಚರ್ಮದ ಪಟ್ಟಿ ತೂರಿಸಿದರು. ಗಾಜು ಒಡೆಯದಂತೆ ಮೇಲೊಂದು ಲೋಹದ ಜಾಲರಿ. ಬದುಕಿ ಊರಿಗೆ ಬಂದವರ ಕೈಯಲ್ಲಿ ಅದನ್ನು ನೋಡಿ ಹೆಂಗಸರ ಒಡವೆ ಎನ್ನುವ ಧೈರ್ಯ ಯಾರಿಗಿತ್ತು!

ನಮ್ಮ ಸೀಮೆಗೆ ನಿಮಿಷದ ಲೆಕ್ಕ ಬಂದದ್ದು ರೈಲಿನಲ್ಲಿ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹೊರಟಿತು. ಚಿತ್ತಾಪುರ, ಸೇಡಂ ಅದೇ ದಾರಿಯವು. ಶಹಾಬಾದ್ ಮುಂಬಯಿ ಹಾದಿಯಲ್ಲಿದೆ. 1906ರ ಹೊತ್ತಿಗೆ ಭಾರತದ ರೈಲುಗಳು ಇಂದಿನ ಭಾರತೀಯ ವೇಳೆಗೆ ಓಡತೊಡಗಿದ್ದವು. ವಾಡಿಯಲ್ಲಿ ನೆತ್ತಿಗೆ ಬರುವ ಸೂರ್ಯ ಈ ವೇಳೆಗಿಂತ ಸರಾಸರಿ 22 ನಿಮಿಷ ಹಿಂದೆ. ಹೊಲಕ್ಕೆ ಹೊತ್ತು ನೋಡಿ ಹೊರಟವನಿಗೆ ಅದರಿಂದ ಏನೂ ಕೆಡದು, ಗಾಡಿ ಹಿಡಿಯುವವನಿಗೆ ಕೆಡುತ್ತದೆ.

ಆಮೇಲೆ ಸಿಮೆಂಟ್ ಕಾರ್ಖಾನೆಗಳ ಭೋಂಗಾ, ಮೂರು ಪಾಳಿ. ಕೈಯಲ್ಲಿ ವಾಚಿದ್ದವನೆಂದರೆ ತಿಂಗಳ ಪಗಾರದವನು. ಕಲ್ಲುಗಣಿಯಲ್ಲಿ ಸುತ್ತಿಗೆ ಬೀಸುವವನಿಗೆ ಅದು ಒಗ್ಗದು. ಪೆಟ್ಟಿನ ಅದುರಿಗೆ ಒಳಗಿನ ಕೂದಲೆಳೆಯಂಥ ಅಚ್ಚು ಮುರಿಯುತ್ತದೆ, ದೂಳು ಬೇರೆ. ಮಗಳನ್ನು ಕೊಡುವವರು ವಾಚು ಯಾಕೆ ಕೊಡುತ್ತಿದ್ದರೆಂದು ನನಗೆ ತಿಳಿದದ್ದು ಇಲ್ಲಿ: ಅಳಿಯ ನೌಕರಿಯವರ ಸಾಲಿನಲ್ಲಿ ಕಾಣಲಿ ಎಂಬ ಆಸೆ ಅದು. 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ತಯಾರಾಗತೊಡಗಿದ ಮೇಲೆ ಆ ಆಸೆ ಕೈಗೆಟುಕಿತು. ದಿನಾ ಬೆಳಿಗ್ಗೆ ಕಿವಿಯ ಹತ್ತಿರ ಹಿಡಿದು ಕೀಲಿ ಕೊಡುವುದೇ ಒಂದು ಸಡಗರ.

ಮದುಮಗಳಿಗೆ ಮಾತ್ರ ಬಳೆ, ತಾಳಿ, ಕಾಲುಂಗುರ; ವಾಚಿಲ್ಲ. ರಾಣಿಯೊಬ್ಬಳು ಕೇಳಿ ಮಾಡಿಸಿಕೊಂಡ ವಸ್ತು ನಮ್ಮ ಹೆಣ್ಣುಮಕ್ಕಳನ್ನು ಕೊನೆಗೆ ಮುಟ್ಟಿತು, ಅದೂ ಮಾವನ ಮನೆಯಿಂದಲ್ಲ. ಶಾಲೆಯ ಅಕ್ಕೋರು, ನಾಡಿ ಎಣಿಸುವ ನರ್ಸಮ್ಮ ತಮ್ಮ ಪಗಾರದಲ್ಲೇ ಕೊಂಡು ಕಟ್ಟಿಕೊಂಡರು.