ಹೊಳಪಿನ ಬೆಲೆಯಲ್ಲಿ ಸೇರದ ಧೂಳು

ಅಂಚೆಚೀಟಿ, ನಾಣ್ಯಗಳ ಸಂಗ್ರಹಕ್ಕೆ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಒಂದು ಗೌರವವಿದೆ. ಕಲ್ಲು ಸಂಗ್ರಹಿಸುವವನನ್ನು ಮಾತ್ರ ಜನ ತುಸು ಅನುಮಾನದಿಂದಲೇ ನೋಡುತ್ತಾರೆ. ಅಂಚೆಚೀಟಿಗೆ ಮುಖಬೆಲೆಯಿದೆ, ನಾಣ್ಯಕ್ಕೆ ಮಾರುಕಟ್ಟೆಯಿದೆ. ಹೊಳೆಯ ದಂಡೆಯಲ್ಲಿ ಬಿದ್ದ ಕಲ್ಲಿಗೆ ಏನಿದೆ? ಸರ್ಕಾರಿ ಸೇವೆಯಿಂದ ನಿವೃತ್ತನಾದ ಮೇಲೆ ಕಲ್ಲುಗಳನ್ನು ಆಯ್ದು ತಂದು, ಕೊಯ್ದು, ಉರುಳಿಸಿ ಮೆರುಗು ಕೊಡುವ ಹವ್ಯಾಸಕ್ಕೆ ತೊಡಗಿರುವ ನನಗೆ ಈ ಪ್ರಶ್ನೆ ಹೊಸದಲ್ಲ. ಅರ್ಥಶಾಸ್ತ್ರ ಓದಿದವನಾದ್ದರಿಂದ ಅದು ನ್ಯಾಯವಾದ ಪ್ರಶ್ನೆಯೆಂದೂ ಒಪ್ಪುತ್ತೇನೆ. ಆದರೆ ಬೆಲೆಗಿಂತ ಮುಖ್ಯವಾದ ಇನ್ನೊಂದು ಲೆಕ್ಕವನ್ನು ಈ ಹವ್ಯಾಸ ನನಗೆ ಕಲಿಸಿದೆ. ಅದು ಹೊಳಪಿನ ವೆಚ್ಚದ ಲೆಕ್ಕ.

ಕರ್ನಾಟಕದಲ್ಲಿ ಕಲ್ಲಿಗೆ ಬರವಿಲ್ಲ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ, ನೀರಿನಡಿ ಹರಿದ ಲಾವಾರಸ ದಿಂಬುಗಳನ್ನು ಪೇರಿಸಿಟ್ಟಂತೆ ಗಟ್ಟಿಗೊಂಡು ಉಳಿದಿದೆ. ಇವೆರಡೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಅಲ್ಲಿ ಕಣ್ಣಿಗಷ್ಟೇ ಕೆಲಸ, ಸುತ್ತಿಗೆಗಿಲ್ಲ. ಹವ್ಯಾಸಿಗೆ ಒದಗುವ ಕಲ್ಲು ಉತ್ತರದ ನದಿಗಳ ಜಲ್ಲಿಯಲ್ಲಿದೆ. ಬೀದರ್, ಕಲಬುರಗಿ, ವಿಜಯಪುರ ಜಿಲ್ಲೆಗಳ ಬಹುಭಾಗವನ್ನು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದಿನ ದಖ್ಖನ್ ಲಾವಾ ಆವರಿಸಿದೆ. ಲಾವಾ ಆರುವಾಗ ಅದರೊಳಗಿನ ಅನಿಲದ ಗುಳ್ಳೆಗಳು ಪೊಳ್ಳುಗಳಾಗಿ ಉಳಿದವು. ಆ ಪೊಳ್ಳುಗಳಿಗೆ ಸಿಲಿಕಾ ಕರಗಿದ ನೀರು ಇಳಿದು, ಪದರದ ಮೇಲೆ ಪದರ ಕಟ್ಟಿ ಅಗೇಟ್ ಆಯಿತು. ಗುಜರಾತಿನಲ್ಲಿ ಅದನ್ನೇ ಅಕೀಕ್ ಎನ್ನುತ್ತಾರೆ. ಸುತ್ತಲಿನ ಕಪ್ಪುಕಲ್ಲು ಶಿಥಿಲವಾಗಿ ಎರೆಮಣ್ಣಾದರೂ ಗಟ್ಟಿಯಾದ ಅಗೇಟ್ ಹಾಗೆಯೇ ಉಳಿದು ಹೊಳೆ ಸೇರುತ್ತದೆ. ಸೇವಾವಧಿಯಲ್ಲಿ ಭೀಮಾ ತೀರದ ತಾಲ್ಲೂಕುಗಳನ್ನು ಸುತ್ತುವಾಗ ಇಂಥ ಹರಳುಗಳನ್ನು ಎಷ್ಟೋ ಬಾರಿ ತುಳಿದು ನಡೆದಿದ್ದೇನೆ. ಹೊರನೋಟಕ್ಕೆ ಅವು ಒಣಗಿದ ಆಲೂಗಡ್ಡೆಯಷ್ಟೇ ಆಕರ್ಷಕ.

ಒಳಗಿನ ಪಟ್ಟೆಗಳು ಕಾಣಬೇಕಾದರೆ ಕೊಯ್ಯಬೇಕು. ಖನಿಜಗಳ ಗಡಸುತನಕ್ಕೆ ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಮಾಪನದಲ್ಲಿ ವಜ್ರಕ್ಕೆ 10, ಅಗೇಟಿನ ಮೂಲವಾದ ಬೆಣಚಿಗೆ 7. ಸಾಮಾನ್ಯ ಉಕ್ಕಿನ ಚಾಕು ಆರನ್ನೂ ಮುಟ್ಟುವುದಿಲ್ಲ. ಆದ್ದರಿಂದ ಅಂಚಿನಲ್ಲಿ ವಜ್ರದ ಪುಡಿ ಕೂಡಿಸಿದ ಗರಗಸವೇ ಬೇಕು. ಅದು ಕಲ್ಲನ್ನು ಸೀಳುವುದಕ್ಕಿಂತ ಹೆಚ್ಚಾಗಿ ತೇಯುತ್ತಾ ಒಳಗಿಳಿಯುತ್ತದೆ. ತೇಯುವಲ್ಲಿ ಶಾಖ ಹುಟ್ಟುತ್ತದೆ, ಪುಡಿ ಹಾರುತ್ತದೆ. ಅಲಗಿನ ಮೇಲೆ ಸತತವಾಗಿ ನೀರು ಹರಿಯುತ್ತಿದ್ದರೆ ಎರಡೂ ಅಡಗುತ್ತವೆ.

ಕೊಯ್ಯುವುದು ನಿಮಿಷಗಳ ಕೆಲಸವಾದರೆ ಮೆರುಗು ವಾರಗಳ ಕೆಲಸ. ಟಂಬ್ಲರ್ ಎಂದರೆ ನಮ್ಮ ಮನೆಗಳಲ್ಲಿ ಕಾಫಿ ಲೋಟ. ಕಲ್ಲಿನ ಟಂಬ್ಲರ್ ಬೇರೆ. ಅದು ಎರಡು ಉರುಳೆಗಳ ಮೇಲೆ ಹಗಲಿರುಳು ನಿಧಾನವಾಗಿ ಸುತ್ತುವ ಪುಟ್ಟ ರಬ್ಬರ್ ಪೀಪಾಯಿ. ಅದರಲ್ಲಿ ಸುಮಾರು ಮುಕ್ಕಾಲು ಭಾಗ ಕಲ್ಲು ತುಂಬಿ, ಸಿಲಿಕಾನ್ ಕಾರ್ಬೈಡ್ ಪುಡಿಯನ್ನೂ ನೀರನ್ನೂ ಸೇರಿಸಿ ಮುಚ್ಚಬೇಕು. ಮೊದಲು ದಪ್ಪ ಪುಡಿ, ಬಳಿಕ ಮಧ್ಯಮ, ಆಮೇಲೆ ನಯವಾದದ್ದು, ಕೊನೆಗೆ ಮೆರುಗಿಗೆ ಸೀರಿಯಂ ಆಕ್ಸೈಡ್ ಅಥವಾ ಅಲ್ಯುಮಿನಿಯಂ ಆಕ್ಸೈಡ್. ಹಂತಕ್ಕೊಂದು ವಾರವೆಂದರೂ ಒಂದು ತಿಂಗಳು ಬೇಕು. ಹಂತ ಬದಲಾಗುವಾಗ ಕಲ್ಲನ್ನೂ ಪೀಪಾಯಿಯನ್ನೂ ಚೆನ್ನಾಗಿ ತೊಳೆಯದಿದ್ದರೆ, ಉಳಿದ ನಾಲ್ಕು ದಪ್ಪ ಕಣಗಳು ಮುಂದಿನ ವಾರದ ಕೆಲಸವನ್ನೆಲ್ಲ ಗೀರಿ ಹಾಳುಮಾಡುತ್ತವೆ. ಗಟ್ಟಿ ಕಲ್ಲಿನೊಡನೆ ಮೆದು ಕಲ್ಲು ಹಾಕಿದರೆ ಮೆದುವಾದದ್ದು ಸವೆದೇ ಹೋಗುತ್ತದೆ.

ಪ್ರತಿ ಹಂತದ ಕೊನೆಯಲ್ಲಿ ಪೀಪಾಯಿಯಿಂದ ಬೂದುಬಣ್ಣದ ಕೆಸರು ಹೊರಬರುತ್ತದೆ. ಚರಂಡಿಗೆ ಸುರಿದರೆ ಕೊಳವೆಯಲ್ಲಿ ಸಿಮೆಂಟಿನಂತೆ ಗಟ್ಟಿಯಾಗುವುದರಿಂದ ಅದನ್ನು ಬಕೆಟ್ಟಿನಲ್ಲಿ ತಂಗಲು ಬಿಟ್ಟು ಬೇರೆ ವಿಲೇವಾರಿ ಮಾಡಬೇಕು. ಒಂದೆರಡು ಕಿಲೋ ಕಲ್ಲಿಗೆ ಇಷ್ಟು ಕೆಸರೇ ಎಂದು ಬೆರಗಾಗುತ್ತದೆ. ನೀರಿಲ್ಲದೆ ತೇಯ್ದಿದ್ದರೆ ಇದರಲ್ಲಿ ಎಷ್ಟೋ ಭಾಗ ಗಾಳಿಯಲ್ಲಿರುತ್ತಿತ್ತು, ತೇಯುವವನ ಎದೆಯೊಳಗೆ ಇಳಿಯುತ್ತಿತ್ತು. ನಾನು ಹೇಳಹೊರಟಿರುವುದು ಇಲ್ಲಿಂದ ಆರಂಭವಾಗುತ್ತದೆ.

ಗುಜರಾತಿನ ಖಂಭಾತ್ ಅಗೇಟ್ ಕೆಲಸಕ್ಕೆ ಜಗತ್ಪ್ರಸಿದ್ಧ. ಈ ಕಸುಬಿನ ಬೇರು ಸಿಂಧೂ ನಾಗರಿಕತೆಯವರೆಗೆ ಹೋಗುತ್ತದೆ. ಅಲ್ಲಿಂದ ಬಹುದೂರವಲ್ಲದ ಲೋಥಲ್‌ನಲ್ಲಿ ಕನ್ನಡಿಗರೇ ಆದ ಪುರಾತತ್ತ್ವಜ್ಞ ಎಸ್.ಆರ್. ರಾವ್ ಅವರು 1955ರಿಂದ ನಡೆಸಿದ ಉತ್ಖನನದಲ್ಲಿ ಮಣಿ ತಯಾರಿಕೆಯ ಕಾರ್ಯಾಗಾರವೇ ಬೆಳಕಿಗೆ ಬಂತು. ಖಂಭಾತಿನಲ್ಲಿ ಹಿಂದೆ ಮಣಿಗಳನ್ನೂ ಸಾಣೆಪುಡಿಯನ್ನೂ ಚರ್ಮದ ಚೀಲದಲ್ಲಿ ತುಂಬಿ, ತೇವಗೊಳಿಸಿ, ಇಬ್ಬರು ಎದುರುಬದುರು ಕುಳಿತು ದಿನಗಟ್ಟಲೆ ಅತ್ತಿಂದಿತ್ತ ಉರುಳಿಸುತ್ತಿದ್ದರು. ನನ್ನ ವಿದ್ಯುತ್ ಟಂಬ್ಲರಿನ ತತ್ತ್ವವೂ ಅದೇ. ಆದರೆ ಕಲ್ಲಿಗೆ ಆಕಾರ ಕೊಡುವ ಕೆಲಸಕ್ಕೆ ವಿದ್ಯುತ್ ಸಾಣೆಚಕ್ರ ಬಂದು ವೇಗ ಹೆಚ್ಚಿತು. ಆ ವೇಗದೊಂದಿಗೆ ಒಣಧೂಳೂ ಹೆಚ್ಚಿತು.

ಈ ಧೂಳಿನಲ್ಲಿ ಕಣ್ಣಿಗೆ ಕಾಣುವ ಭಾಗಕ್ಕಿಂತ ಕಾಣದ ಭಾಗವೇ ಅಪಾಯಕಾರಿ. ಅತಿ ಸೂಕ್ಷ್ಮ ಸಿಲಿಕಾ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಅಲ್ಲಿ ಗಾಯದ ಕಲೆಗಳಂಥ ಗಂಟುಗಳನ್ನು ಕಟ್ಟುತ್ತವೆ. ಅದೇ ಸಿಲಿಕೋಸಿಸ್. ಅದನ್ನು ವಾಸಿಮಾಡುವ ಔಷಧವಿಲ್ಲ. ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಲ್ಲದು. ಅದು ಕ್ಷಯಕ್ಕೆ ದಾರಿಮಾಡಿಕೊಡುತ್ತದೆ. ಎಷ್ಟೋ ಸಲ ಅದನ್ನೇ ಕ್ಷಯವೆಂದು ತಿಳಿದು ಚಿಕಿತ್ಸೆ ನಡೆಯುತ್ತದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಖಂಭಾತಿನ ಕಾರ್ಮಿಕರಲ್ಲಿ ಈ ರೋಗವನ್ನು ದಶಕಗಳ ಹಿಂದೆಯೇ ದಾಖಲಿಸಿದೆ. ಸಾಣೆ ಹಿಡಿಯುವುದು ಅಲ್ಲಿ ಬಹುಮಟ್ಟಿಗೆ ಮನೆಗೆಲಸವಾದ್ದರಿಂದ, ಚಕ್ರದ ಬಳಿ ಕೂರದ ಹೆಂಗಸರು ಮಕ್ಕಳೂ ಅದೇ ಗಾಳಿ ಕುಡಿಯುತ್ತಾರೆ.

ಅರ್ಥಶಾಸ್ತ್ರಜ್ಞ ಎ.ಸಿ. ಪಿಗೂ 1920ರಲ್ಲೇ ವಿವರಿಸಿದ ಸಂಗತಿ ಇದು: ಉತ್ಪಾದನೆಯ ವೆಚ್ಚದ ಒಂದು ಭಾಗ ಉತ್ಪಾದಕನ ಪುಸ್ತಕದಲ್ಲಾಗಲಿ ಕೊಳ್ಳುವವನ ಜೇಬಿನಲ್ಲಾಗಲಿ ಕಾಣಿಸದೆ ಮೂರನೆಯವರ ಮೇಲೆ ಬೀಳಬಹುದು. ಜಾತ್ರೆಯಲ್ಲೋ ಪ್ರವಾಸಿ ತಾಣದಲ್ಲೋ ಅಗೇಟಿನ ಸರ ಅಗ್ಗಕ್ಕೆ ಸಿಕ್ಕಾಗ ನಾವು ಚೌಕಾಸಿಯಲ್ಲಿ ಗೆದ್ದೆವೆಂದುಕೊಳ್ಳುತ್ತೇವೆ. ಉಳಿದ ಹಣವನ್ನು ಯಾರೋ ಉಸಿರಿನಲ್ಲಿ ಪಾವತಿಸಿರಬಹುದು.

ಕಾನೂನಿಲ್ಲವೇ? ಇದೆ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಸಿಲಿಕೋಸಿಸ್ ಅಧಿಸೂಚಿತ ರೋಗವಾಗಿತ್ತು. ಆದರೆ ವಿದ್ಯುತ್ ಬಳಸುವ ಘಟಕವು ಕಾರ್ಖಾನೆ ಎನಿಸಬೇಕಾದರೆ ಅಲ್ಲಿ ಹತ್ತು ಕಾರ್ಮಿಕರಿರಬೇಕಿತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಸಂಖ್ಯೆಯನ್ನು ಇಪ್ಪತ್ತಕ್ಕೇರಿಸಿದೆ. ಕಡತಗಳ ನಡುವೆ ಬದುಕು ಸವೆಸಿದವನಾಗಿ ನಾನು ಬಲ್ಲೆ: ಸಂಖ್ಯೆಯ ಮಿತಿ ಆಡಳಿತಕ್ಕೆ ಅನುಕೂಲ. ಧೂಳಿಗೆ ಆ ಲೆಕ್ಕ ತಿಳಿಯದು. ಅಪಾಯಕಾರಿ ಕೆಲಸಗಳನ್ನು ಅಧಿಸೂಚಿಸಿ, ಕಾರ್ಮಿಕರ ಸಂಖ್ಯೆ ನೋಡದೆ ಸಂಹಿತೆಯನ್ನು ಅನ್ವಯಿಸಲು ಕೇಂದ್ರಕ್ಕೆ ಅವಕಾಶವಿದೆ. ಕಲ್ಲನ್ನು ಒಣಗಿಯೇ ತೇಯುವ ಕೆಲಸ ಆ ಪಟ್ಟಿಯ ಮೊದಲ ಸಾಲಿನಲ್ಲಿರಬೇಕು. ರಾಜಸ್ಥಾನ 2019ರಲ್ಲಿ ಧೂಳಿನ ಶ್ವಾಸಕೋಶ ರೋಗಗಳಿಗೆ ಪ್ರತ್ಯೇಕ ನೀತಿ ರೂಪಿಸಿ, ರೋಗಿಗಳ ಪ್ರಮಾಣೀಕರಣ ಮತ್ತು ಪರಿಹಾರಕ್ಕೆ ದಾರಿ ಮಾಡಿತು. ಕಲ್ಲುಗಣಿಗಳ ನಾಡಾದ ಕರ್ನಾಟಕಕ್ಕೆ ಅದರಲ್ಲಿ ಕಲಿಯುವುದಿದೆ.

ಖಂಭಾತ್ ದೂರದ ಊರೆಂದು ನಿಟ್ಟುಸಿರು ಬಿಡುವಂತಿಲ್ಲ. ಬೆಂಗಳೂರಿನ ಯಾವುದೇ ಹೊಸ ಬಡಾವಣೆಯಲ್ಲಿ ಅಡುಗೆಮನೆಯ ಕಟ್ಟೆಗೆ ಗ್ರಾನೈಟ್ ಕೊಯ್ಯುವ ಹುಡುಗನನ್ನು ನೋಡಿ. ಕೈಯಲ್ಲಿ ಕಟಿಂಗ್ ಮಷೀನು, ಮೂಗಿಗೆ ಸುತ್ತಿದ ಟವೆಲ್ಲು, ಸುತ್ತಲೂ ಬಿಳಿಯ ಮೋಡ. ಗ್ರಾನೈಟಿನಲ್ಲಿ ಕಾಲುಭಾಗದಷ್ಟು ಬೆಣಚಿರುತ್ತದೆ. ಈಚೆಗೆ ಬಳಕೆಗೆ ಬಂದಿರುವ ಕೃತಕ ಕ್ವಾರ್ಟ್ಜ್ ಫಲಕಗಳಲ್ಲಿ ಅದು ಶೇ 90ರಷ್ಟಿರುವುದುಂಟು. ಇಂಥ ಫಲಕ ಕೊಯ್ಯುವ ಯುವಕರಲ್ಲಿ ಸಿಲಿಕೋಸಿಸ್ ಕಂಡುಬಂದದ್ದರಿಂದ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅವುಗಳನ್ನೇ ನಿಷೇಧಿಸಿತು. ನಾವು ಅಷ್ಟು ದೂರ ಹೋಗಲು ಕಾಲ ಬೇಕಾದೀತು. ಆದರೆ ಅಲಗಿಗೆ ನೀರು ಹಾಯಿಸಲು ಒಂದು ಸಣ್ಣ ಕೊಳವೆ ಸಾಕು. ಟವೆಲ್ಲಿನ ಬದಲು ಸೂಕ್ಷ್ಮಕಣ ತಡೆಯುವ ಮುಖಗವಸು ಕೊಡಿಸಿದರೆ ಇಡೀ ಅಡುಗೆಮನೆಯ ಖರ್ಚಿನಲ್ಲಿ ಅದು ಲೆಕ್ಕಕ್ಕೇ ಬಾರದು. ನೀರು ಹಾಕಿದರೆ ಕೆಸರಾಗುತ್ತದೆ, ಕೆಲಸ ನಿಧಾನವಾಗುತ್ತದೆ ಎಂದು ಮೇಸ್ತ್ರಿ ಗೊಣಗಬಹುದು. ಕೆಸರಾಗಲಿ, ಅರ್ಧ ದಿನ ತಡವೂ ಆಗಲಿ ಎಂದು ಹೇಳಬೇಕಾದವರು ಹಣ ಕೊಡುವ ನಾವು.