ಸೊಂಟದ ಕೀಲು ಬದಲಿಸಿದ ಮೇಲೆ ಗಾಲ್ಫ್ ಆಡಬಹುದಾ?

ಗಚ್ಚಿಬೌಲಿಯಲ್ಲಿ ಕೂತು ಕೋಡ್ ಬರೆಯೋ ನನಗೆ 36ನೇ ವಯಸ್ಸಿಗೇ ಎಡಸೊಂಟದ ಕೀಲು ಬದಲಿಸಬೇಕಾಯ್ತು. ಕಾರಣ ಎವಿಎನ್, ಅಂದ್ರೆ ತೊಡೆಮೂಳೆಯ ತಲೆಗೆ ರಕ್ತ ಪೂರೈಕೆ ನಿಂತು ಮೂಳೆ ಕುಸಿಯೋ ಕಾಯಿಲೆ. ಆಪರೇಷನ್ ಆದ ಮೇಲೆ ನಾನು ಕೇಳಿದ ಮೊದಲ ಪ್ರಶ್ನೆ, "ಗಾಲ್ಫ್ ಆಡಬಹುದಾ ಡಾಕ್ಟ್ರೇ?" "ಆಡಿ, ಅವಸರ ಬೇಡ" ಅಂದ್ರು. ನಾನು ಅವಸರ ಮಾಡಿದೆ. ಅದಕ್ಕೇ ಇವತ್ತಿನ ಮಾತು.

ಹೊಸ ಕೀಲಲ್ಲಿ ಏನಿರುತ್ತೆ? ತೊಡೆಮೂಳೆಯೊಳಗೆ ಲೋಹದ ಕಾಂಡ, ಅದರ ತುದಿಗೆ ಲೋಹದ ಇಲ್ಲವೇ ಸೆರಾಮಿಕ್ ಗುಂಡು. ಆ ಗುಂಡು ಸಾಮಾನ್ಯವಾಗಿ ಪಾಲಿಎಥಿಲೀನ್ ಬಟ್ಟಲಲ್ಲಿ ತಿರುಗುತ್ತೆ. ಸಿಮೆಂಟ್ ಹಾಕದ ಕೀಲಾದ್ರೆ ನಮ್ಮ ಮೂಳೆಯೇ ಬೆಳೆದು ಅದನ್ನ ಹಿಡ್ಕೋಬೇಕು. ಅದಕ್ಕೆ ತಿಂಗಳುಗಳೇ ಬೇಕು.

ಈಗ ಸ್ವಿಂಗ್ ನೋಡಿ. ಬಲಗೈ ಆಟಗಾರ ಚೆಂಡು ಹೊಡೆದಾಗ ಮೈಭಾರವೆಲ್ಲ ಎಡಗಾಲಿಗೆ ಬಂದು, ಆ ಸೊಂಟ ಒಳಮುಖವಾಗಿ ತಿರುಚುತ್ತೆ. ನಾನು 7ನೇ ವಾರಕ್ಕೇ ಡ್ರೈವರ್ ಬೀಸಿದೆ. ಎರಡು ದಿನ ಮತ್ತೆ ವಾಕರ್! ಎಕ್ಸ್‌ರೇಯಲ್ಲಿ ಕೀಲು ಜಾಗದಲ್ಲೇ ಇತ್ತು, ಬಚಾವಾದೆ.

ಟೆಸ್ಟ್ ಮಾಡದ ಕೋಡನ್ನ ನಾವು ನೇರ ಪ್ರೊಡಕ್ಷನ್‌ಗೆ ಹಾಕ್ತೀವಾ? ಇದೂ ಹಾಗೇ, ಹಂತ ಹಂತವಾಗಿ. ಸಾಮಾನ್ಯವಾಗಿ 6 ವಾರದ ಆಸುಪಾಸು ಪಟಿಂಗ್, ಆಮೇಲೆ ಚಿಪ್ಪಿಂಗ್, ಸಣ್ಣ ಐರನ್. ಪೂರ್ತಿ ಸ್ವಿಂಗ್‌ಗೆ 3 ತಿಂಗಳಾದ್ರೂ ಕಾಯಬೇಕು, ಡ್ರೈವರ್ ಎಲ್ಲಕ್ಕಿಂತ ಕೊನೆಗೆ. ಯಾವ ಹಂತಕ್ಕೂ ನಿಮ್ಮ ಸರ್ಜನ್ ಹೂಂ ಅನ್ನಬೇಕು.

ಮುಂದಿನ ಪಾದದ ತುದಿಯನ್ನ ಸ್ವಲ್ಪ ಹೊರಕ್ಕೆ ತಿರುಗಿಸಿ ನಿಂತ್ರೆ ತಿರುಚುವಿಕೆ ಕಮ್ಮಿ. ನೆಲ ಕಚ್ಚೋ ಲೋಹದ ಸ್ಪೈಕ್ ಶೂ ಬೇಡ. ಚೆಂಡು ಎತ್ತುವಾಗ ಒಂದು ಕೈಯಲ್ಲಿ ಕ್ಲಬ್ ಊರಿಕೊಂಡು, ಆಪರೇಷನ್ ಆದ ಕಾಲನ್ನ ಹಿಂದಕ್ಕೆ ಚಾಚಿ, ಒಳ್ಳೆ ಕಾಲ ಮೇಲೆ ಬಗ್ಗಿ. ಶುರುವಿಗೆ 9 ಹೋಲ್ ಸಾಕು, ಅದೂ ಕಾರ್ಟ್‌ನಲ್ಲಿ.

ಧೈರ್ಯಕ್ಕೆ ಒಂದು ಉದಾಹರಣೆ: ಟಾಮ್ ವಾಟ್ಸನ್ 2008ರ ಅಕ್ಟೋಬರ್‌ನಲ್ಲಿ ಎಡಸೊಂಟದ ಕೀಲು ಬದಲಿಸಿಕೊಂಡ್ರು. 2009ರ ಜುಲೈನಲ್ಲಿ, 59ರ ವಯಸ್ಸಲ್ಲಿ, ಟರ್ನ್‌ಬೆರಿಯ ಓಪನ್‌ನಲ್ಲಿ ಪ್ಲೇಆಫ್‌ವರೆಗೂ ಹೋಗಿ ಎರಡನೇ ಸ್ಥಾನ ಪಡೆದ್ರು. ಆದ್ರೆ ಆ ಓಪನ್ ನಡೆದದ್ದು ಆಪರೇಷನ್ ಆಗಿ ಒಂಬತ್ತು ತಿಂಗಳ ಮೇಲೆ ಅನ್ನೋದು ನೆನಪಿರಲಿ.

ನಮ್ಮಂಥ ಚಿಕ್ಕ ವಯಸ್ಸಿನವರಿಗೆ ಇನ್ನೊಂದು ಮಾತು. ಆ ಬಟ್ಟಲು ಬಳಸಿದಷ್ಟೂ ಸವೆಯುತ್ತೆ. ಓಟ, ಜಿಗಿತಕ್ಕಿಂತ ಗಾಲ್ಫ್ ಕೀಲಿಗೆ ಹಗುರ. ಆದ್ರೂ ಇನ್ನೊಂದು ಆಪರೇಷನ್ ಎಷ್ಟು ದೂರ ಹೋದ್ರೆ ಅಷ್ಟು ಲಾಭ.

ಮೊನ್ನೆ ಗೋಲ್ಕೊಂಡದ ನಯಾ ಕಿಲಾ ಕೋರ್ಸ್‌ನಲ್ಲಿ 9 ಹೋಲ್ ಮುಗಿಸಿದೆ. ಸ್ಕೋರ್ ಕೇಳಬೇಡಿ. ಕುಂಟದೆ ಕಾರ್‌ವರೆಗೆ ನಡೆದು ಬಂದೆ, ಅಷ್ಟು ಸಾಕು. ಮತ್ತೆ ಸಿಗೋಣ.